ಸಾಕು ಅಂದ ವರ್ಷ

ಸಾಂಬ್ರಾಣಿ ಹೊಗೆ, ಕುರಿ ಬಾಡಿನ ಸಾರು, ಅಗ್ಗದ ಬ್ರಾಂದಿ. ಈ ಮೂರರ ವಾಸನೆ ಒಂದೇ ಕೋಣೆಯಲ್ಲಿ ಸೇರುವುದು ನಮ್ಮ ಮನೆಯಲ್ಲಿ ವರ್ಷಕ್ಕೊಂದೇ ದಿನ, ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ತೀರಿಕೊಂಡವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ, ಕುಡಿಯುತ್ತಿದ್ದರೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿಟ್ಟು, ಬಾಗಿಲು ಮುಂದಕ್ಕೆ ಮಾಡಿಕೊಂಡು ನಾವು ಹೊರಗೆ ಕೂರುತ್ತೇವೆ. ಅವರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಅಂತ. ಈ ಸಲ ಎಡೆ ಇಟ್ಟು ಮಂಡಿಯ ಮೇಲೆ ಕೈಯೂರಿ ಏಳುವಾಗ ಆ ವಾಸನೆ ಮೂಗಿಗೆ ಬಡಿದು, ಕೆಲವು ವರ್ಷಗಳ ಹಿಂದಿನ ಒಂದು ಯುಗಾದಿಯಿಂದ ಪಿತೃಪಕ್ಷದವರೆಗಿನ ಕಾಲ ಪೂರ್ತಿ ನೆನಪಾಯಿತು. ನಾನು ಕುಡಿಯುವುದನ್ನು ನಿಲ್ಲಿಸಿದ್ದ ಕಾಲ ಅದು. ಆ ಕಾಲದಲ್ಲಿ ನಾನು ಕಂಡಷ್ಟು ತಾಪತ್ರಯ ಕುಡಿಯುವಾಗ ಯಾವತ್ತೂ ಕಂಡಿರಲಿಲ್ಲ.

ನನ್ನದು ತಿಪ್ಪಸಂದ್ರದಲ್ಲಿ ಮೋಟಾರ್ ರಿಪೇರಿ ಅಂಗಡಿ. ಬೋರ್‌ವೆಲ್ಲಿನ ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಮತ್ತೆ ಓಡುವ ಹಾಗೆ ಮಾಡುವುದು ಕೆಲಸ. ಅಪ್ಪ ಬಾವಿ ತೋಡುತ್ತಿದ್ದರು. ಅವರು ತೋಡಿದ ಬಾವಿಗಳಲ್ಲಿ ಈಗ ಕಸ ತುಂಬಿದೆ, ಅವುಗಳ ಪಕ್ಕದಲ್ಲೇ ಕೊರೆದ ಬೋರುಗಳಿಂದ ನನ್ನ ಅನ್ನ ನಡೆಯುತ್ತಿದೆ. ಬೇಸಗೆ ಬಂದರೆ ನನಗೆ ಸುಗ್ಗಿ. ಕರೆಂಟು ಒಂದು ಸಲ ಸತ್ತಂತೆ ಬರುತ್ತದೆ, ಇನ್ನೊಂದು ಸಲ ಒದ್ದುಕೊಂಡು ಬರುತ್ತದೆ, ಮೋಟಾರುಗಳು ಸಾಲಾಗಿ ಸುಟ್ಟುಹೋಗುತ್ತವೆ.

ಸುಟ್ಟ ಮೋಟಾರನ್ನು ಬೋರಿನೊಳಗಿಂದ ಮೇಲಕ್ಕೆ ಎತ್ತುವುದು, ಸರಿಮಾಡಿ ಮತ್ತೆ ಒಳಕ್ಕೆ ಬಿಡುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಇದರಲ್ಲಿ ನನ್ನ ಜೊತೆಗಾರ ಗಂಗಣ್ಣ. ಓರಿಗೆಯವನು, ಪಕ್ಕದ ಬೀದಿಯವನು, ಮೀಸೆ ಬರುವ ಮುಂಚಿನಿಂದ ಜೊತೆಗಿದ್ದವನು. ಮೂರು ಕಾಲಿನ ಕಂಬ ನಿಲ್ಲಿಸಿ ಚೈನ್ ಪುಲ್ಲಿಯಿಂದ ಪೈಪನ್ನು ಮೇಲಕ್ಕೆಳೆಯುತ್ತೇವೆ. ಒಂದು ಪೈಪು ಪೂರ್ತಿ ಮೇಲೆ ಬಂದ ಮೇಲೆ ಕೆಳಗಿನ ಪೈಪನ್ನು ಬೋರಿನ ಬಾಯಲ್ಲಿ ಕ್ಲಾಂಪು ಹಾಕಿ ಬಿಗಿಯುತ್ತೇವೆ. ಆಮೇಲೆ ಚೈನು ಕಳಚಿ, ಮೇಲಿನದನ್ನು ರೆಂಚಿನಿಂದ ತಿರುಗಿಸಿ ಬಿಚ್ಚುವುದು. ಕ್ಲಾಂಪು ಬಿಗಿಯುವವನು ಗಂಗಣ್ಣ, ರೆಂಚು ಹಿಡಿಯುವವನು ನಾನು. ಅಷ್ಟು ಪೈಪು, ಅದರ ತುದಿಗೆ ಮೋಟಾರು, ಎಲ್ಲ ಭಾರವೂ ಆಗ ಆ ಕ್ಲಾಂಪಿನ ಮೇಲೆ ನಿಂತಿರುತ್ತದೆ. ಅದಕ್ಕೆ ತಾಗಿಕೊಂಡೇ ನನ್ನ ಬೆರಳು ಇರುತ್ತವೆ. ಅವನು ಬಿಗಿದಿದ್ದಾನೆ ಅಂದರೆ ಬಿಗಿದಿದ್ದಾನೆ, ನಾನು ತಿರುಗಿ ನೋಡಿದವನಲ್ಲ.

ಮೋಟಾರು ಬಿಟ್ಟು ಸ್ವಿಚ್ಚು ಹಾಕಿ, ಮೊದಲು ಗಾಳಿ ಉಗುಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು ಅಂದರೆ ತೋಟದವನ ಮುಖ ಅರಳುತ್ತದೆ. ಆ ಖುಷಿಗೆ ಅವನು ಅವತ್ತು ಸಂಜೆ ಒಂದು ಕೋಳಿ ಕುಯ್ಯಬೇಕು, ಒಂದು ಬಾಟ್ಲಿ ತರಿಸಬೇಕು. ಪೈಪಿನಲ್ಲಿ ಬಂದದ್ದು ಲೋಟದಲ್ಲೂ ಬರದಿದ್ದರೆ ಕೆಲಸ ಮುಗಿದ ಹಾಗೇ ಅಲ್ಲ. ಇದು ನಮ್ಮ ಕಡೆ ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ತಪ್ಪಿಸಿದವರಿಲ್ಲ. ದಿನಕ್ಕೊಂದು ತೋಟ, ಸಂಜೆಗೊಂದು ಪಾರ್ಟಿ. ಕೆಲಸವಿಲ್ಲದ ದಿನವೂ ಯಾರಾದರೂ ಕರೆಯುತ್ತಿದ್ದರು, ಮೋಟ್ರು ರಾಜಣ್ಣ ಇಲ್ಲದೆ ಏನು ಪಾರ್ಟಿ ಅಂತ.

ನಾನು ಕುಡುಕನಾಗಿರಲಿಲ್ಲ. ಬೀದಿಯಲ್ಲಿ ಬಿದ್ದವನಲ್ಲ, ಮನೆಯಲ್ಲಿ ಕೈ ಎತ್ತಿದವನಲ್ಲ, ಬೆಳಿಗ್ಗೆ ಅಂಗಡಿ ಬಾಗಿಲು ತಡವಾಗಿ ತೆಗೆದವನೂ ಅಲ್ಲ. ನನಗೆ ಅದು ಚಟವಾಗಿರಲಿಲ್ಲ, ಹಾಜರಿಯಾಗಿತ್ತು. ಹೋಗಬೇಕು, ಕೂರಬೇಕು, ಲೋಟ ಹಿಡಿಯಬೇಕು, ಹೋದ ವಾರ ಕೇಳಿದ ಮಾತಿಗೇ ಮತ್ತೆ ನಗಬೇಕು. ಯಾರೋ ಅಳುತ್ತಾರೆ, ಸಮಾಧಾನ ಮಾಡಬೇಕು. ಯಾರೋ ಅಣ್ಣ ನೀನೇ ನನಗೆ ದೇವರು ಅನ್ನುತ್ತಾನೆ, ಹೌದು ಕಣಪ್ಪ ಅನ್ನಬೇಕು. ಆಮೇಲೆ ಗಂಗಣ್ಣನ ಬೈಕಿನ ಹಿಂದೆ ಕೂತು ಮನೆಗೆ ಬಂದು, ತಣ್ಣಗಾದ ಮುದ್ದೆ ಮುರಿಯಬೇಕು. ನಲವತ್ತು ದಾಟಿದ ಮೇಲೆ ಇದೆಲ್ಲ ನನಗೆ ಮೋಟಾರು ಎತ್ತುವುದಕ್ಕಿಂತ ಭಾರವಾಗತೊಡಗಿತು. ಆದರೆ ಸುಸ್ತು ಅಂತ ಹೇಳಿಕೊಂಡು ತಪ್ಪಿಸಿಕೊಳ್ಳುವ ಜಾಗ ಅದಲ್ಲ. ಎಲ್ಲರೂ ಅಲ್ಲಿಗೆ ಬರುವುದೇ ಸುಸ್ತು ಅಂತ.

ಆ ವರ್ಷ ಯುಗಾದಿಯ ಮಾರನೆ ದಿನದ ಹೊಸತೊಡಕಿಗೆ ಊರಿಗೆ ಊರೇ ಬಾಡೂಟ ಮಾಡಿ ಮಲಗಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಹೊನ್ನಪ್ಪನವರ ಬಾಳೆ ತೋಟದಲ್ಲಿ ಮೋಟಾರು ಎತ್ತುವ ಕೆಲಸ ಬಂತು. ಹೊನ್ನಪ್ಪ ಊರಿಗೆ ಬೇಕಾದ ಯಜಮಾನರು, ಯಾರ ಮನೆಯ ಜಗಳವಾದರೂ ತಾವೇ ಹೋಗಿ ಕೂರುವವರು. ಹೊತ್ತು ಇನ್ನೂ ಏರುತ್ತಿತ್ತು, ನಮ್ಮಿಬ್ಬರಲ್ಲಿ ಯಾರೂ ಒಂದು ತೊಟ್ಟೂ ಮುಟ್ಟಿರಲಿಲ್ಲ. ಅರ್ಧದಷ್ಟು ಪೈಪು ಮೇಲೆ ಬಂದಿತ್ತು. ಗಂಗಣ್ಣ ಕ್ಲಾಂಪು ಬಿಗಿದ. ನಾನು ರೆಂಚು ಹಾಕಬೇಕು ಅಂತ ಬಗ್ಗಿದವನು, ಕಣ್ಣಿಗೆ ಬೆವರಿಳಿಯಿತು ಅಂತ ಟವೆಲ್ಲಿಗೆ ಕೈ ಚಾಚಿದೆ. ಆಗಲೇ ಕ್ಲಾಂಪು ಜಾರಿತು. ಝರ್ ಅಂತ ಒಂದು ಸದ್ದು, ಪೈಪು ಕಣ್ಣೆದುರಿಗೇ ಬೋರಿನೊಳಕ್ಕೆ ಇಳಿದುಹೋಯಿತು. ಎಷ್ಟೋ ಹೊತ್ತಿನ ಮೇಲೆ ಅನ್ನುವ ಹಾಗೆ ಕೆಳಗಿನಿಂದ ಧಡ್ ಅಂತ ಕೇಳಿಸಿತು.

ಯಾರ ತಪ್ಪೂ ಇರಲಿಲ್ಲ. ಕ್ಲಾಂಪಿನ ಹಲ್ಲು ಸವೆದಿತ್ತು ಅಂತ ಆಮೇಲೆ ಗೊತ್ತಾಯಿತು. ಎರಡು ದಿನ ಗಾಳ ಬಿಟ್ಟು ಎಳೆದಾಡಿ ಮೋಟಾರನ್ನು ಪೈಪಿನ ಸಮೇತ ಹೊರಗೆ ತೆಗೆದೆವು. ಬೋರು ಉಳಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಕ್ಲಾಂಪು ಜಾರಿದ ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದ ಒಂದು ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಕೈ ಅಲ್ಲೇ ಇದ್ದಿದ್ದರೆ ಬೆರಳು ಹೋಗುತ್ತಿದ್ದವು. ಹೋಗಿದ್ದರೆ ಚೆನ್ನಾಗಿರುತ್ತಿತ್ತು, ಆಸ್ಪತ್ರೆಯಲ್ಲಿ ಮಲಗಬಹುದಿತ್ತು, ಸಂಜೆ ಎಲ್ಲಿಗೂ ಹೋಗಬೇಕಾಗುತ್ತಿರಲಿಲ್ಲ ಅಂತ ಅನಿಸಿತು. ಪೈಪು ಬಿದ್ದದ್ದಕ್ಕೆ ನಾನು ಹೆದರಲಿಲ್ಲ. ಆ ಯೋಚನೆಗೆ ಹೆದರಿದೆ.

ಮೋಟಾರು ಸಿಕ್ಕ ಸಂಜೆ ಹೊನ್ನಪ್ಪ ಎರಡು ಕೋಳಿ ಕುಯ್ಯಿಸಿದರು. ಗಂಗಣ್ಣ ಎಂದಿನ ಹಾಗೆ ನನ್ನ ಲೋಟಕ್ಕೆ ಬಗ್ಗಿಸಲು ಬಂದ. ನಾನು ಲೋಟದ ಬಾಯಿಗೆ ಅಂಗೈ ಮುಚ್ಚಿದೆ.

"ನಂಗೆ ಬ್ಯಾಡ ಕಣ್ಲಾ. ಒಸಿ ದಿನ ಸಾಕು" ಅಂದೆ.

ಗಂಗಣ್ಣ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗುವುದನ್ನು ಬಿಟ್ಟ. ಬಾಟ್ಲಿಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಕೆಳಗಿಟ್ಟ. ನಾನು ಅದನ್ನು ಗಮನಿಸಿದೆ, ಆದರೆ ಅದರ ಅರ್ಥ ಏನು ಅಂತ ತಿಳಿಯಲಿಲ್ಲ. ಕೋಳಿ ತುಂಡು ಕಡಿಯುತ್ತ ಕೂತೆ.

ಅವತ್ತಿನಿಂದ ಶುರುವಾಯಿತು ನನ್ನ ಗ್ರಹಚಾರ. ನಮ್ಮ ಕಡೆ ಕುಡಿಯುವ ಗಂಡಸು ಬಿಡಬೇಕಾದರೆ ದೇವರ ಕಾರಣ ಇರಬೇಕು, ಇಲ್ಲ ಡಾಕ್ಟರ ಕಾರಣ ಇರಬೇಕು. ಮಾಲೆ ಹಾಕಿದ್ದೀಯಾ ಅಂತ ಕೇಳಿದರು, ಇಲ್ಲ ಅಂದೆ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿಬಂದೆಯಾ ಅಂದರು, ಅದೂ ಇಲ್ಲ ಅಂದೆ. ಆಮೇಲೆ ನನ್ನ ಕಣ್ಣು ಹಳದಿಯಾಗಿದೆಯಾ ಅಂತ ಬಗ್ಗಿ ನೋಡತೊಡಗಿದರು. ಮಾಗಡಿಯಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರ ಮನೆ ಗುರುತನ್ನು ಕೇಳದೆಯೇ ಹೇಳಿಹೋದರು. ಮನೆಯಲ್ಲೂ ಅಷ್ಟೆ. ಹೊತ್ತು ಮುಳುಗುವ ಮುಂಚೆ ನಾನು ಬಾಗಿಲಲ್ಲಿ ನಿಂತದ್ದು ನೋಡಿ ನನ್ನ ಹೆಂಡತಿ ಸುಶೀಲ ಒಲೆ ಮುಂದಿನಿಂದ ಎದ್ದು ಬಂದು, "ಯಾಕ್ರೀ, ಯಾರಾದ್ರೂ ಹೋಗ್ಬುಟ್ರಾ?" ಅಂದಳು. ಮೂರು ದಿನ ಖುಷಿಪಟ್ಟಳು. ನಾಲ್ಕನೇ ದಿನದಿಂದ ನಾನು ಅಡುಗೆಮನೆಗೂ ಪಡಸಾಲೆಗೂ ತಿರುಗಾಡುವುದು ಅವಳಿಗೆ ಕಾಲಿಗೆ ತೊಡರಿದ ಹಾಗಾಯಿತು. ಸಂಜೆ ಎಷ್ಟು ಉದ್ದ ಇರುತ್ತದೆ ಅಂತ ನನಗೆ ಆವರೆಗೂ ಗೊತ್ತೇ ಇರಲಿಲ್ಲ. ಟೀವಿ ನೋಡಿದೆ, ಜಗಲಿಯಲ್ಲಿ ಕೂತೆ, ಕೂತಲ್ಲೇ ತೂಕಡಿಸಿದೆ. ಎಷ್ಟು ನಿದ್ದೆ ಮಾಡಿದರೂ ನಿದ್ದೆ ಬಾಕಿ ಇತ್ತು.

ದೇವರೂ ಅಲ್ಲ ಡಾಕ್ಟರೂ ಅಲ್ಲ ಅಂತಾದ ಮೇಲೆ ಊರಿಗೆ ಉಳಿದದ್ದು ಒಂದೇ ಕಾರಣ. ಜಗಳ. ಯಾರ ಮೇಲೋ ಮುನಿಸಿಕೊಂಡಿದ್ದಾನೆ. ನಮ್ಮಲ್ಲಿ ಇಬ್ಬರ ನಡುವೆ ಮಾತು ಕೆಟ್ಟಿದೆ ಅನ್ನುವುದಕ್ಕೆ ಗುರುತು ಬೈಗುಳವಲ್ಲ, ಒಟ್ಟಿಗೆ ಕೂತು ಕುಡಿಯದಿರುವುದು. ಯಾರ ಮೇಲೆ ಅಂತ ಹುಡುಕುವುದಕ್ಕೆ ಅವರು ದೂರ ಹೋಗಬೇಕಾಗಿರಲಿಲ್ಲ. ಕ್ಲಾಂಪು ಬಿಗಿದವನು ಗಂಗಣ್ಣ, ಕ್ಲಾಂಪು ಜಾರಿದ ಮೇಲೆ ನಾನು ಲೋಟ ಮುಚ್ಚಿದ್ದೆ.

ಗಂಗಣ್ಣ ಏನೂ ಕೇಳಲಿಲ್ಲ. ಕೆಲಸಕ್ಕೆ ಬರುತ್ತಿದ್ದ, ಆದರೆ ಕ್ಲಾಂಪು ಬಿಗಿದ ಮೇಲೆ ಎರಡು ಸಲ ಒದ್ದು ನೋಡಿ, "ನೋಡ್ಕೊ, ಬಿಗಿ ಐತೆ" ಅಂತ ಹೇಳತೊಡಗಿದ. ಆ ಮಾತು ಅವನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಸಂಜೆಯಾದರೆ ನಾನು ಮನೆಗೆ, ಅವನು ಪಾರ್ಟಿಗೆ. ಬೈಕಿನಲ್ಲಿ ನನ್ನನ್ನು ಬಿಟ್ಟುಹೋಗುವಾಗ ಇಬ್ಬರಿಗೂ ಮಾತಿರಲಿಲ್ಲ. ಮೊದಲ ಮಳೆ ಬಿದ್ದು ರಾಗಿ ಹೊಲ ಉಳುವ ಹೊತ್ತಿಗೆ ಅವನು ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಮಾಗಡಿಯ ಇನ್ನೊಬ್ಬ ಮೆಕ್ಯಾನಿಕ್ಕಿನ ಜೊತೆ ಹೋಗುತ್ತಿದ್ದಾನೆ ಅಂತ ತಿಳಿಯಿತು. ನಾನು ಎರಡು ಆಳು ಕರೆದುಕೊಂಡು ಮೋಟಾರು ಎತ್ತಿದೆ. ಅವರು ಕ್ಲಾಂಪು ಬಿಗಿದಾಗಲೆಲ್ಲ ಎದ್ದು ಹೋಗಿ ನಾನೇ ಇನ್ನೊಂದು ಸುತ್ತು ಬಿಗಿದು ಬರುತ್ತಿದ್ದೆ. ಒಂದು ಹೊತ್ತಿನ ಕೆಲಸ ದಿನವೆಲ್ಲ ಹಿಡಿಯಿತು. ಮನೆಗೆ ಬಂದರೆ ಮೈ ಹಣ್ಣಾಗಿರುತ್ತಿತ್ತು, ಆದರೆ ಈ ಸುಸ್ತು ಮಲಗಿದರೆ ಹೋಗುವ ಸುಸ್ತಲ್ಲ. ನನಗೆ ಗಂಗಣ್ಣ ಬೇಕಾಗಿತ್ತು. ಹೋಗಿ ಕರೆಯುವುದಕ್ಕೆ ಬಾಯಿ ಬರಲಿಲ್ಲ, ಆಡದ ಜಗಳಕ್ಕೆ ರಾಜಿಯಾಗು ಅಂತ ಯಾರನ್ನು ಹೇಗೆ ಕರೆಯುವುದು?

ಆ ಕೆಲಸ ಹೊನ್ನಪ್ಪ ಮಾಡಿದರು. ಆಷಾಢದ ಒಂದು ಮಧ್ಯಾಹ್ನ ನನ್ನನ್ನು ತೋಟಕ್ಕೆ ಕರೆಸಿಕೊಂಡರು. ಹೋದರೆ ಪಂಪ್‌ಹೌಸಿನ ಮುಂದೆ ಚಾಪೆ ಹಾಸಿದೆ, ಗಂಗಣ್ಣ ಆಗಲೇ ಕೂತಿದ್ದಾನೆ, ನಡುವೆ ಬಾಟ್ಲಿ, ಒಂದೇ ಲೋಟ.

"ನೋಡ್ರಪ್ಪ, ನನ್ ತೋಟದಲ್ಲಿ ಕೆಟ್ಟಿದ್ದು ನನ್ ತೋಟದಲ್ಲೇ ಸರಿಹೋಗ್ಬೇಕು. ಒಂದೇ ಲೋಟದಲ್ಲಿ ಇಬ್ರೂ ಒಂದೊಂದು ಗುಟುಕು ಕುಡೀರಿ. ಅಲ್ಲಿಗೆ ಮುಗೀತು" ಅಂದರು ಹೊನ್ನಪ್ಪ.

"ಅಣ್ಣ, ನಂಗೆ ಇವನ್ ಮ್ಯಾಲೆ ಕ್ವಾಪ ಇಲ್ಲ" ಅಂದೆ.

"ಕ್ವಾಪ ಇಲ್ದಿದ್ರೆ ಕುಡಿ."

"ಸುಸ್ತಾಗೈತೆ ಅಣ್ಣ. ಅದ್ಕೇ ಬುಟ್ಟಿದ್ದೀನಿ. ಬ್ಯಾರೆ ಏನೂ ಇಲ್ಲ."

ಹೊನ್ನಪ್ಪ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಸುಸ್ತಾದ್ರೆ ಕುಡೀತಾರೆ ಕಣಯ್ಯ, ಬುಡಲ್ಲ" ಅಂದರು.

ಗಂಗಣ್ಣ ಮೊದಲು ಕುಡಿದು ಲೋಟ ನನ್ನ ಕಡೆ ನೀಡಿದ. ನಾನು ತೆಗೆದುಕೊಂಡೆ. ತುಟಿಯವರೆಗೂ ತಂದೆ. ಒಂದು ಗುಟುಕು, ಅಷ್ಟೆ. ಆದರೆ ಅದನ್ನು ಕುಡಿದರೆ ಜಗಳ ಇತ್ತು ಅಂತ ನಾನೇ ಒಪ್ಪಿಕೊಂಡ ಹಾಗೆ. ಮತ್ತೆ ನಾಳೆ ಸಂಜೆ ಇನ್ನೊಂದು ತೋಟ, ನಾಡಿದ್ದು ಮತ್ತೊಂದು. ಕೈ ಕೆಳಗಿಳಿಯಿತು. ಲೋಟವನ್ನು ಚಾಪೆಯ ಮೇಲಿಟ್ಟೆ.

ಗಂಗಣ್ಣ ಎದ್ದ, ಪಂಚೆ ಕೊಡವಿದ. "ನಾ ಮುಟ್ಟಿದ ಲೋಟ ಅವನ್ಗೆ ಆಗಲ್ಲ ಕಣಣ್ಣ. ಬುಡಿ" ಅಂತ ಹೊನ್ನಪ್ಪನವರಿಗೆ ಹೇಳಿ, ನನ್ನ ಕಡೆ ನೋಡದೆ ಬಾಳೆ ಸಾಲಿನ ನಡುವೆ ಹೊರಟುಹೋದ. ನನಗೆ ಕಣ್ಣು ತುಂಬಿಬಂತು. ಹೊನ್ನಪ್ಪನವರ ಮುಂದೆ ಅಳುವುದು ಹೇಗೆ ಅಂತ ಮೋಟಾರಿನ ಸ್ಟಾರ್ಟರು ನೋಡುವವನ ಹಾಗೆ ಪಂಪ್‌ಹೌಸಿನೊಳಕ್ಕೆ ಹೋದೆ.

ಹೀಗೆ ಶ್ರಾವಣ ಕಳೆಯಿತು, ಗೌರಿ ಗಣೇಶ ಕಳೆಯಿತು. ರಾಗಿ ಮೊಳಕಾಲೆತ್ತರ ಬೆಳೆದು ನಿಂತಿತು. ಪಿತೃಪಕ್ಷ ಬಂತು.

ಅಪ್ಪ ಹೋದಾಗಿನಿಂದ ಅವರ ಎಡೆಗೆ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ ಇಡುವುದು ಅವ್ವನ ಕಟ್ಟಳೆ. ಅಪ್ಪ ಬದುಕಿದ್ದಷ್ಟು ದಿನವೂ ಅವ್ವ ಆ ಬ್ರಾಂದಿಗೋಸ್ಕರ ಅವರನ್ನು ಬೈದೇ ಬೈದಿತ್ತು. ಸತ್ತ ಮೇಲೆ ತಾನೇ ಸೆರಗಿನ ಗಂಟಿನಿಂದ ಕಾಸು ಬಿಚ್ಚಿ ತರಿಸುತ್ತಿತ್ತು. ಬಾಗಿಲು ತೆಗೆದ ಮೇಲೆ ಆ ಬ್ರಾಂದಿಯ ಲೋಟವನ್ನು ಮೊದಲು ಗಂಗಣ್ಣ, ಆಮೇಲೆ ನಾನು ಕುಡಿದು ಮುಗಿಸಬೇಕು. ಗಂಗಣ್ಣನಿಗೆ ಕರೆ ಕಳಿಸುವ ಪದ್ಧತಿಯೇ ಇರಲಿಲ್ಲ, ಸಾಂಬ್ರಾಣಿ ಹೊಗೆ ಕಂಡರೆ ಬಂದುಬಿಡುತ್ತಿದ್ದ.

ಆ ವರ್ಷ ನಾನು ಅವ್ವನಿಗೆ, "ನಾನು ಮುಟ್ಟಲ್ಲ, ಈ ಸಲ ಬ್ರಾಂದಿ ಬ್ಯಾಡ" ಅಂದೆ.

"ನೀನು ಬುಟ್ರೆ ನಿಮ್ಮಪ್ಪ ಯಾಕ್ಲಾ ಬುಡ್ಬೇಕು?" ಅಂತು ಅವ್ವ. ಬಡಿಸುತ್ತ ಬಡಿಸುತ್ತ ಮತ್ತೆ, "ಆದ್ರೆ ಒಬ್ರೇ ಕುಡಿಯೋರಲ್ಲ ಕಣ್ಲಾ ಅವರು. ಜೊತೆಗಾರ ಸಿಕ್ದಿದ್ರೆ ಬಾಟ್ಲಿ ಮುಚ್ಚಳ ತೆಗೀದೆ ಹಂಗೇ ವಾಪಸ್ ತತ್ತಿದ್ರು" ಅಂತು.

ಎಡೆ ಇಟ್ಟು ಬಾಗಿಲು ಮುಂದಕ್ಕೆ ಮಾಡಿ ಜಗಲಿಗೆ ಬಂದರೆ, ಕಂಬಕ್ಕೊರಗಿಕೊಂಡು ಗಂಗಣ್ಣ ಕೂತಿದ್ದ. ನನ್ನನ್ನು ನೋಡಿ, "ಅಪ್ಪಾಜಿ ಎಡೆ ಅಂತ ಬಂದೆ. ನಿನ್ ನೋಡಕ್ಕಲ್ಲ" ಅಂದ.

ನಾನು ಅವನ ಪಕ್ಕದಲ್ಲಿ ಕೂತೆ. ಹಿರಿಯರು ಉಣ್ಣುವಾಗ ಹೊರಗೆ ಜೋರಾಗಿ ಮಾತಾಡಬಾರದು. ಸಣ್ಣ ದನಿಯಲ್ಲಿ, ಬೀದಿ ನೋಡುತ್ತ, ಕ್ಲಾಂಪು ಜಾರಿದಾಗ ನನಗೆ ಏನನ್ನಿಸಿತು ಅನ್ನುವುದನ್ನು ಅವನಿಗೆ ಹೇಳಿದೆ. ಬೆರಳು ಹೋಗಿದ್ದರೆ ಮಲಗಬಹುದಿತ್ತು ಅಂತ ಅನ್ನಿಸಿದ್ದನ್ನು ಹಾಗೇ ಹೇಳಿಬಿಟ್ಟೆ. ಅಷ್ಟು ಸಾಕಾಗಿತ್ತು ಕಣೋ, ನಿನ್ನ ಮೇಲೆ ಏನೂ ಇರಲಿಲ್ಲ ಅಂದೆ.

ಗಂಗಣ್ಣ ಕಂಬ ಬಿಟ್ಟು ನೆಟ್ಟಗೆ ಕೂತ. "ನಾನು ಬಿಗಿದಿದ್ದೆ ಕಣ್ಲಾ ರಾಜ" ಅಂದ. "ನೀ ಟವೆಲ್ ತಗಳಕ್ಕೆ ಕೈ ತೆಗೀದಿದ್ರೆ ಏನಾಯ್ತಿತ್ತು ಅಂತ ದಿನಾ ಕಣ್ಮುಂದೆ ಬತ್ತದೆ. ಪಾರ್ಟಿಲಿ ಕುಂತ್ರೂ ಬತ್ತದೆ. ನೀನು ಎರಡು ಏಟು ಬುಟ್ಟಿದ್ರೂ ಆಯ್ತಿತ್ತು. ಲೋಟ ಮುಚ್ಬುಟ್ಟೆ."

"ಸುಸ್ತು ಅಂದ್ರೆ ಯಾರೂ ನಂಬ್ಲಿಲ್ವಲ್ಲ."

"ಯಾರ್ ನಂಬ್ತಾರೆ? ನೀನು ಸುಸ್ತು ಅಂತ ಯಾವತ್ತು ಅಂದಿದ್ದೆ?"

ಒಂದು ಗುಟುಕು ಕುಡಿದು ತೋರಿಸುವುದು ಸುಲಭವಿತ್ತು, ಒಳಗೆ ಲೋಟ ತುಂಬಿಯೇ ಇತ್ತು. ಅದನ್ನು ಬಿಟ್ಟು ನನ್ನ ಹತ್ತಿರ ಕೊಡುವುದಕ್ಕೆ ಇನ್ನೇನಿದೆ ಅಂತ ನೋಡಿದೆ. ಎರಡೂ ಕೈ ಅವನ ಮುಂದೆ ಚಾಚಿದೆ.

"ನಾಳೆ ಒಂದು ಮೋಟ್ರು ಎತ್ತೋದೈತೆ. ಆಳು ಬ್ಯಾಡ ಅಂತೀನಿ. ನೀನು ಬಿಗಿ. ಈ ಬೆರಳು ಕ್ಲಾಂಪಿನ ಹತ್ರ ಇಡ್ತೀನಿ. ತಿರುಗಿ ನೋಡಲ್ಲ."

ಅವನು ನನ್ನ ಕೈಯನ್ನೇ ನೋಡುತ್ತ ಕೂತ. ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

"ಎಷ್ಟೊತ್ತಿಗೆ ಬರ್ಲಿ?" ಅಂದ.

ಅವ್ವ ಬಂದು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಿತು. ಗಂಗಣ್ಣ ಅಪ್ಪನ ಲೋಟದಿಂದ ಒಂದು ಗುಟುಕು ಕುಡಿದು, ರೂಢಿಯಂತೆ ನನ್ನ ಕಡೆ ತಂದವನು ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡ. ಉಳಿದದ್ದನ್ನು ಅವ್ವ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿಯಿತು. "ಸಾಕು ಬುಡು. ಅವರಿಗೂ ಸಾಕಾಗಿರ್ತದೆ" ಅಂತು.

ಆಮೇಲೆ ನಾನು ಪೂರ್ತಿ ಬಿಟ್ಟೆ ಅಂತೇನೂ ಇಲ್ಲ. ಹೊಸತೊಡಕಿಗೆ ಒಂದು ನೈಂಟಿ, ಬೀಗರ ಊಟದಲ್ಲಿ ಒಂದು. ಹಾಜರಿ ಹಾಕುವುದನ್ನು ಮಾತ್ರ ಬಿಟ್ಟೆ. ಗಂಗಣ್ಣ ಬಿಟ್ಟಿಲ್ಲ, ಅವನಿಗೆ ಅದು ಭಾರವಾಗಿಲ್ಲ. ನನ್ನನ್ನು ಮನೆಗೆ ಬಿಟ್ಟು ಪಾರ್ಟಿಗೆ ಹೋಗುತ್ತಾನೆ. ಈಗ ಮೋಟಾರು ಎತ್ತುವುದಕ್ಕೆ ಕ್ರೇನಿನ ಗಾಡಿಗಳು ಬಂದಿವೆ, ನಮ್ಮನ್ನು ಕರೆಯುವವರು ಕಮ್ಮಿ. ಕರೆದಾಗ ಅವನು ಬಿಗಿಯುತ್ತಾನೆ, ನಾನು ತಿರುಗಿ ನೋಡುವುದಿಲ್ಲ.

ಅವ್ವ ಹೋದ ವರ್ಷ ತೀರಿಕೊಂಡಿತು. ಈ ಸಲ ಎರಡು ಎಲೆ. ಅಪ್ಪನ ಎಲೆಯ ಪಕ್ಕ ಬ್ರಾಂದಿ, ಬೀಡಿ. ಅವ್ವನ ಎಲೆಯ ಪಕ್ಕ ಸಕ್ಕರೆ ಜಾಸ್ತಿ ಹಾಕಿದ ಟೀ, ಎಲೆಅಡಿಕೆ, ಹೊಗೆಸೊಪ್ಪು. ಬಾಗಿಲು ಮುಂದಕ್ಕೆ ಮಾಡಿ ಹೊರಗೆ ಬಂದಾಗ ಗಂಗಣ್ಣ ಅದೇ ಕಂಬಕ್ಕೆ ಒರಗಿ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಅಪ್ಪ ಒಬ್ಬರೇ ಕುಡಿಯುವವರಲ್ಲ ಅನ್ನುವ ಅವ್ವನ ಮಾತು ನೆನಪಾಗಿ, ಇನ್ನು ಆ ಚಿಂತೆ ಇಲ್ಲ ಅಂದುಕೊಂಡೆ.

ಸುಶೀಲ ಬಂದು, ಹೊತ್ತಾಯಿತು, ಬಾಗಿಲು ತೆಗೆಯೋಣವಾ ಅಂತ ಕೇಳಿದಳು.

ಗಂಗಣ್ಣ ಬಾಗಿಲ ಕಡೆ ಕಿವಿಗೊಟ್ಟವನ ಹಾಗೆ ಕತ್ತು ವಾಲಿಸಿದ. "ತಡೀರಿ ಅತ್ಗೆ" ಅಂದ. "ಅವ್ವ ಇನ್ನೂ ಬೈತಾ ಕುಂತದೆ."

ನಾವು ಇನ್ನೂ ಸ್ವಲ್ಪ ಹೊತ್ತು ಹೊರಗೇ ಕೂತಿದ್ದೆವು.